ಎಲುಬಿನ ಗಡಿಯಾರ

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಕ್ರೀಡಾ ತರಬೇತಿ ಎಂದರೆ ಹದಿನೈದು ದಿನಗಳ ಸಂಭ್ರಮ. ಹೋಬಳಿ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬರುವವರೆಗೂ ಮೈದಾನ ದನಗಳದ್ದು. ಸುತ್ತೋಲೆ ಬಂದ ಮರುದಿನ ಬೆಳಗ್ಗೆ ಆರಕ್ಕೆಲ್ಲ ಪಿ.ಟಿ. ಮೇಷ್ಟ್ರ ಸೀಟಿ ಕೇಳುತ್ತಿತ್ತು. ಸುಣ್ಣದ ಪುಡಿ ಚೆಲ್ಲಿ ಎಳೆದ ಇನ್ನೂರು ಮೀಟರಿನ ಟ್ರ್ಯಾಕು, ಬರಿಗಾಲು, ಮೊದಲ ದಿನವೇ ಹನ್ನೆರಡು ಸುತ್ತು, ಮರುದಿನ ಹದಿನೈದು. ಮೂರನೇ ದಿನ ಶಾಲೆಯ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಏಡಿಯ ಹಾಗೆ ಅಡ್ಡಡ್ಡ ಇಳಿದದ್ದು ಈಗಲೂ ನೆನಪಿದೆ.

ವಾರ ಕಳೆಯುವಷ್ಟರಲ್ಲಿ ಏದುಸಿರು ಕಡಿಮೆಯಾಯಿತು. ಹದಿನೈದು ಸುತ್ತು ಹಾಕುತ್ತಲೇ ಪಕ್ಕದವನ ಜೊತೆ ಹರಟೆ ಹೊಡೆಯಬಹುದಿತ್ತು. ನಾನೇನೋ ಆಗಿಬಿಟ್ಟೆ ಅನ್ನಿಸಿತು. ಎರಡನೇ ವಾರ ಬಲಗಾಲಿನ ಕಣಕಾಲಿನಲ್ಲಿ, ಒಳಮಗ್ಗುಲಿಗೆ, ಹೆಬ್ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು ಶುರುವಾಯಿತು. "ಅಭ್ಯಾಸ ಆದ್ರೆ ಸರಿಹೋಗುತ್ತೆ ಕಣೋ, ಓಡು" ಎಂದರು ಮೇಷ್ಟ್ರು. ಅಜ್ಜಿ ರಾತ್ರಿ ಉಪ್ಪಿನ ಶಾಖ ಕೊಟ್ಟಳು. ಸ್ಪರ್ಧೆಯ ದಿನ 1500 ಮೀಟರಿನಲ್ಲಿ ಮೂರನೆಯವನಾಗಿ ಬಂದೆ, ಸಂಜೆ ಬಸ್ಸು ಹತ್ತಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಏನೂ ಇಲ್ಲ ಅಂದರು. ಮೂರು ವಾರ ಬಿಟ್ಟು ಮತ್ತೆ ತೆಗೆದಾಗ ಎಲುಬಿನ ಅಂಚಿನಲ್ಲಿ ಬೆಳ್ಳನೆಯ ಮಬ್ಬು ಕಾಣಿಸಿತು. ಅದು ಬಿರುಕಲ್ಲ, ಬಿರುಕನ್ನು ಮುಚ್ಚಲು ಮೈ ಹಾಕಿಕೊಂಡ ಹೊಸ ಎಲುಬಿನ ತೇಪೆ. ಸ್ಟ್ರೆಸ್ ಫ್ರ್ಯಾಕ್ಚರ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಆಗಲೇ. ಈ ಬಗೆಯ ಬಿರುಕಿನ ಗುಣವೇ ಅಷ್ಟು: ಆದ ಹೊತ್ತಿನಲ್ಲಿ ಸಾಮಾನ್ಯ ಎಕ್ಸ್‌ರೇಗೆ ಸಿಗುವುದಿಲ್ಲ, ವಾಸಿಯಾಗಲು ತೊಡಗಿದ ಮೇಲೆ ಸಿಗುತ್ತದೆ.

ಎದೆ ಒಂದು ವಾರದಲ್ಲಿ ಪಳಗಿತು, ಎಲುಬು ಎರಡು ವಾರದಲ್ಲಿ ಬಿರಿಯಿತು. ಒಂದೇ ಮೈ, ಒಂದೇ ಓಟ, ಒಂದೇ ಊಟ. ಈ ವ್ಯತ್ಯಾಸ ಯಾಕೆ ಎಂಬುದು ನನಗೆ ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು. ಕ್ರೀಡಾಪಟುವಿನ ತರಬೇತಿಯನ್ನು ಯೋಜಿಸುವುದು ಅಂದರೆ ಬಹುಪಾಲು ಈ ವ್ಯತ್ಯಾಸವನ್ನು ಸಂಭಾಳಿಸುವುದೇ.

ನಮ್ಮ ಮೈಯೊಳಗೆ ಗಡಿಯಾರ ಒಂದಲ್ಲ. ಎಲ್ಲಕ್ಕಿಂತ ಚುರುಕಾಗಿ ಓಡುವುದು ರಕ್ತದ್ದು. ದಿನಾ ಓಡತೊಡಗಿದ ಒಂದೆರಡು ವಾರದಲ್ಲೇ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹತ್ತಕ್ಕೆ ಒಂದು ಪಾಲಿನಷ್ಟು ಹೆಚ್ಚಬಹುದು. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತುಂಬಿಕೊಂಡು ದೂಡುತ್ತದೆ. ಅದೇ ವೇಗಕ್ಕೆ ಕಡಿಮೆ ಬಡಿತ ಸಾಕಾಗುತ್ತದೆ. ನನ್ನ ಹರಟೆಯ ಗುಟ್ಟು ಅಷ್ಟೇ. ನಾನೇನೂ ಆಗಿರಲಿಲ್ಲ, ನನ್ನ ರಕ್ತ ಸ್ವಲ್ಪ ತೆಳುವಾಗಿತ್ತು.

ನರಗಳೂ ಬೇಗ ಕಲಿಯುತ್ತವೆ. ತೂಕ ಎತ್ತಲು ಶುರುಮಾಡಿದ ಮೊದಲ ಕೆಲವು ವಾರ ಬಲ ಏರುವುದು ಸ್ನಾಯು ದಪ್ಪವಾದದ್ದರಿಂದಲ್ಲ, ಇರುವ ಸ್ನಾಯುವಿನ ಎಳೆಗಳನ್ನು ಒಟ್ಟಿಗೆ ಕರೆಯುವುದನ್ನು ನರಗಳು ಕಲಿತದ್ದರಿಂದ ಎಂದು ಮೊರಿತಾನಿ ಮತ್ತು ಡಿ ವ್ರೀಸ್ 1979ರಲ್ಲಿ ತೋರಿಸಿದರು. ಸ್ನಾಯುವಿನ ಒಳಗಿನ ಒಲೆಗಳಾದ ಮೈಟೊಕಾಂಡ್ರಿಯಗಳ ಲೆಕ್ಕ ಇನ್ನೂ ನಿಧಾನ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜಾನ್ ಹೊಲೊಸಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಕಾಲಿನ ಸ್ನಾಯುವಿನಲ್ಲಿ ಆಮ್ಲಜನಕ ಬಳಸುವ ಶಕ್ತಿ ಸುಮಾರು ಎರಡರಷ್ಟಾದದ್ದನ್ನು 1967ರಲ್ಲಿ ವರದಿ ಮಾಡಿದರು. ದಮ್ಮು ಎಂದರೆ ಶ್ವಾಸಕೋಶ ಅಂತಲೇ ನಂಬಿದ್ದ ನಮ್ಮಂಥವರಿಗೆ ಇದು ಹೊಸ ಸಂಗತಿ. ದಮ್ಮಿನ ದೊಡ್ಡ ಪಾಲು ಕಾಲಿನಲ್ಲಿದೆ.

ಇನ್ನು ಎಲುಬು. ನೋಡಲು ಕಲ್ಲಿನಂತಿದ್ದರೂ ಅದು ಎಡೆಬಿಡದೆ ರಿಪೇರಿಯಲ್ಲಿರುವ ರಸ್ತೆ. ಸವೆದ ಜಾಗವನ್ನು ಅಗೆಯುವ ಜೀವಕೋಶಗಳು ಬೇರೆ, ಅಗೆದದ್ದನ್ನು ತುಂಬಿ ಕಟ್ಟುವವು ಬೇರೆ. ನಮ್ಮ ಊರುಗಳ ರಸ್ತೆ ಕಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ: ಅಗೆತ ಬೇಗ, ತುಂಬುವುದು ತಡ. ಒಂದು ಜಾಗದ ಅಗೆತ ಸುಮಾರು ಮೂರು ವಾರದಲ್ಲಿ ಮುಗಿದರೆ, ಅದೇ ಜಾಗ ಭರ್ತಿಯಾಗಿ ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕು. ಹಾಗಾಗಿ ದಿಢೀರನೆ ಓಟ ಹೆಚ್ಚಿಸಿದವನ ಕಣಕಾಲಿನ ಎಲುಬು ಮೂರನೇ, ನಾಲ್ಕನೇ ವಾರದ ಹೊತ್ತಿಗೆ ಮೊದಲ ದಿನಕ್ಕಿಂತ ದುರ್ಬಲವಾಗಿರುತ್ತದೆ. ಎದೆ ಹುರುಪುಗೊಂಡು ಇನ್ನೂ ಓಡು ಅನ್ನುವುದೂ ಅದೇ ವಾರಗಳಲ್ಲಿ.

ಇದನ್ನು ಮೊದಲು ಕಂಡವರು ಕ್ರೀಡಾ ವಿಜ್ಞಾನಿಗಳಲ್ಲ, ಸೇನೆಯ ವೈದ್ಯರು. ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ಹೊಸದಾಗಿ ಸೇರಿದ ಸೈನಿಕರ ಪಾದಗಳು ಕವಾಯತಿನ ಮೇಲೆ ಬಾತು ನೋಯುವುದನ್ನು ಬರೆದಿಟ್ಟಿದ್ದ. ಅದು ಬಿರುಕೆಂದು ಗೊತ್ತಾದದ್ದು ಆ ಶತಮಾನದ ಕೊನೆಯಲ್ಲಿ ಎಕ್ಸ್‌ರೇ ಬಂದಮೇಲೆ. ಹಳ್ಳಿಯಿಂದ ಬಂದ ಹುಡುಗರನ್ನು ಮೊದಲ ದಿನದಿಂದಲೇ ಮೈಲುಗಟ್ಟಲೆ ನಡೆಸಿದ ಆ ಸೇನೆಗೂ ನಮ್ಮ ಹದಿನೈದು ದಿನದ ತರಬೇತಿಗೂ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ.

ಟೆಂಡನ್ನಿನ ಕತೆ ಇನ್ನೂ ವಿಚಿತ್ರ. ಸ್ನಾಯುವನ್ನು ಎಲುಬಿಗೆ ಕಟ್ಟಿಹಾಕಿರುವ ಹಗ್ಗ ಅದು. ಹಿಮ್ಮಡಿಯ ಮೇಲೆ ಬೆರಳಿಗೆ ಸಿಗುವ ಅಕಿಲಿಸ್ ಟೆಂಡನ್ ಅದರಲ್ಲಿ ಅತಿ ದಪ್ಪನೆಯದು. ಈ ಹಗ್ಗ ಎಷ್ಟು ವರ್ಷಕ್ಕೊಮ್ಮೆ ಹೊಸದಾಗುತ್ತದೆ ಎಂದು ಅಳೆಯಲು ಡೆನ್ಮಾರ್ಕಿನ ವಿಜ್ಞಾನಿಗಳು ಅಣುಬಾಂಬುಗಳ ನೆರವು ಪಡೆದರು. 1955ರಿಂದ 1963ರವರೆಗೆ ಬಯಲಿನಲ್ಲಿ ಸಿಡಿಸಿದ ಬಾಂಬುಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ವಿಪರೀತ ಹೆಚ್ಚಿ, ಆಮೇಲೆ ವರ್ಷ ವರ್ಷವೂ ಇಳಿಯುತ್ತ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಊಟಕ್ಕೆ, ಊಟದಿಂದ ಮೈಗೆ ಬಂದ ಆ ಇಂಗಾಲವೇ ಒಂದು ತಾರೀಖಿನ ಮುದ್ರೆ. ಮೈಯ ಯಾವ ಭಾಗದಲ್ಲಿ ಯಾವ ವರ್ಷದ ಇಂಗಾಲವಿದೆಯೋ ಆ ಭಾಗ ಆ ವರ್ಷ ಕಟ್ಟಿದ್ದು. 2013ರಲ್ಲಿ ಕಟ್ಯಾ ಹೈನೆಮೈಯರ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಅಕಿಲಿಸ್ ಟೆಂಡನ್ನಿನ ಒಳತಿರುಳು ಹದಿನೇಳರ ವಯಸ್ಸಿನೊಳಗೆ ಕಟ್ಟಿ ಮುಗಿಯುತ್ತದೆ, ಆಮೇಲೆ ಬಹುಮಟ್ಟಿಗೆ ಬದಲಾಗುವುದಿಲ್ಲ. ನಲವತ್ತರಲ್ಲಿ ಮ್ಯಾರಥಾನ್ ಓಡುವವನು ಹೈಸ್ಕೂಲಿನ ಹಗ್ಗದ ಮೇಲೆ ಓಡುತ್ತಿರುತ್ತಾನೆ. ಹದಿನಾಲ್ಕು, ಹದಿನೈದರ ಮಕ್ಕಳ ತರಬೇತಿಯನ್ನು ಹಗುರವಾಗಿ ನೋಡುವವರಿಗೆ ನಾನು ಮೊದಲು ಹೇಳುವುದು ಈ ಪ್ರಯೋಗವನ್ನೇ.

ನಿಧಾನದ ಗಡಿಯಾರಕ್ಕೆ ಕಾಯಬಲ್ಲವರೂ ಇದ್ದಾರೆ. ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ 2019ರ ಮೇ ತಿಂಗಳಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಕೈಬಿಟ್ಟರು. ಬಳ್ಳಾರಿ ಕಡೆಯ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲಿ ಚೇತರಿಕೆಯ ದಿನಗಳನ್ನು ಕಳೆದು, 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ ಅರ್ಹತೆ ಪಡೆದರು. ಪತ್ರಿಕೆಗಳಿಗೆ ಬೇಕಾದದ್ದು ಟೋಕಿಯೊ ಒಲಿಂಪಿಕ್ಸ್‌ನ 87.58. ತರಬೇತಿ ಯೋಜಿಸುವವರು ನೋಡಬೇಕಾದದ್ದು ನಡುವಿನ ಆ ಎಂಟು ತಿಂಗಳು.

ಎಲುಬು ನಿಧಾನ ಅಂದಮಾತ್ರಕ್ಕೆ ಅದನ್ನು ಮಲಗಿಸಿಡುವುದೂ ತಪ್ಪು. ಎಲುಬಿಗೆ ಪೆಟ್ಟು ಬೇಕು, ಆದರೆ ಅದರ ಕಿವಿ ಬೇಗ ಮಂದವಾಗುತ್ತದೆ. ರಾಬ್ಲಿಂಗ್ ಮತ್ತು ಟರ್ನರ್ ಇಲಿಗಳ ಎಲುಬಿಗೆ ದಿನಕ್ಕೆ 360 ಬಾರಿ ಒತ್ತಡ ಕೊಟ್ಟು ನೋಡಿದರು. ಒಂದು ಗುಂಪಿಗೆ ಎಲ್ಲವೂ ಒಂದೇ ಸಲ. ಇನ್ನೊಂದಕ್ಕೆ ತೊಂಬತ್ತರಂತೆ ನಾಲ್ಕು ಸಲ, ನಡುವೆ ಗಂಟೆಗಟ್ಟಲೆ ಬಿಡುವು. ಬಿಡುವು ಸಿಕ್ಕ ಎಲುಬೇ ಹೆಚ್ಚು ಗಟ್ಟಿಯಾಯಿತು. ಬೆಳಗ್ಗೆ ಐವತ್ತು ಸಲ ಹಗ್ಗ ಜಿಗಿದು ಸಂಜೆ ಮತ್ತೆ ಐವತ್ತು ಜಿಗಿಯುವ ಹುಡುಗಿ, ಒಟ್ಟಿಗೇ ನೂರು ಜಿಗಿಯುವವಳಿಗಿಂತ ಜಾಣೆ. ನಮ್ಮ ಹುಡುಗಿಯರ ಕುಂಟೆಬಿಲ್ಲೆ ಎಲುಬಿಗೆ ಎಂಥ ಒಳ್ಳೆಯ ತರಬೇತಿಯಾಗಿತ್ತು ಎಂದು ಆಗ ಯಾರಿಗೂ ಹೊಳೆದಿರಲಾರದು.

ಬಿಡುವಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಸ್ವೀಡನ್ನಿನ ಯೊನಾಸ್ ಬೆರ್ಗ್‌ಸ್ಟ್ರಮ್ ಮತ್ತು ಎರಿಕ್ ಹುಲ್ಟ್‌ಮನ್. ಸ್ನಾಯುವಿನ ಚೂರನ್ನು ಸೂಜಿಯಿಂದ ಕಿತ್ತು ತೆಗೆಯುವ ವಿಧಾನ ಬೆರ್ಗ್‌ಸ್ಟ್ರಮ್‌ಗೆ ಕೈವಶವಾಗಿತ್ತು. 1966ರಲ್ಲಿ ಪ್ರಕಟವಾದ ಪ್ರಯೋಗಕ್ಕೆ ಅವರಿಬ್ಬರೇ ಇಲಿಗಳು. ಒಂದು ಸೈಕಲ್ಲು, ಆ ಕಡೆ ಒಬ್ಬ, ಈ ಕಡೆ ಒಬ್ಬ. ಒಬ್ಬನ ಎಡಗಾಲು, ಇನ್ನೊಬ್ಬನ ಬಲಗಾಲು ತುಳಿಯುತ್ತಿದ್ದರೆ ಉಳಿದ ಕಾಲುಗಳಿಗೆ ರಜೆ. ಕಾಲು ಸೋತು ನಿಲ್ಲುವವರೆಗೆ ತುಳಿದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟುಕೊಳ್ಳುವ ಸಕ್ಕರೆ, ಬರಿದಾಗಿತ್ತು. ಆಮೇಲೆ ಮೂರು ದಿನ ಪಿಷ್ಟದ ಊಟ ಉಣ್ಣುತ್ತ ಸುಮ್ಮನಿದ್ದರು. ದಿನಾ ಎರಡೂ ತೊಡೆಗೆ ಸೂಜಿ. ಮೂರನೇ ದಿನ ದುಡಿದ ಕಾಲಿನಲ್ಲಿದ್ದ ಸಕ್ಕರೆ, ಕೂತು ತಿಂದ ಕಾಲಿನಲ್ಲಿದ್ದುದರ ಸುಮಾರು ಎರಡರಷ್ಟಾಗಿತ್ತು. ಒಂದೇ ಮೈ, ಒಂದೇ ರಕ್ತ, ಒಂದೇ ಊಟ. ಬರಿದಾಗಿದ್ದ ಕಣಜ ಮೊದಲಿನಷ್ಟು ತುಂಬಿಕೊಂಡು ಸುಮ್ಮನಾಗದೆ ಇನ್ನಷ್ಟು ತುಂಬಿಕೊಂಡಿತ್ತು.

ಇಂಥ ಪ್ರಯೋಗಗಳ ನೆರಳಿನಲ್ಲಿ ಕೋಚ್‌ಗಳ ಪುಸ್ತಕಗಳಲ್ಲಿ ಒಂದು ಚಂದದ ಗೆರೆ ಹುಟ್ಟಿಕೊಂಡಿತು: ದಣಿದಾಗ ಇಳಿದು, ಬಿಡುವಿನಲ್ಲಿ ಏರಿ, ಮೊದಲಿನ ಮಟ್ಟ ದಾಟಿ ಒಂದು ಗುಡ್ಡ ಮಾಡುವ ಗೆರೆ. ಆ ಗುಡ್ಡದ ನೆತ್ತಿಯಲ್ಲಿ ಮುಂದಿನ ಪೆಟ್ಟು ಕೊಡಬೇಕಂತೆ. ಚಿತ್ರ ಸರಿ, ಆದರೆ ಗೆರೆ ಒಂದೇ ಅಲ್ಲವಲ್ಲ. ಸಕ್ಕರೆಯ ಗೆರೆಗೆ ಒಂದೆರಡು ದಿನ, ಸ್ನಾಯುವಿನ ನೋವಿನ ಗೆರೆಗೆ ಮೂರು ದಿನ, ಎಲುಬಿನ ಗೆರೆಗೆ ಮೂರು ತಿಂಗಳು. ಯಾವ ಗುಡ್ಡದ ನೆತ್ತಿಗೆ ಕಾಯುತ್ತೀರಿ? ಪುಸ್ತಕದಲ್ಲಿ ಒಂದೇ ಗೆರೆ ನೋಡಿ ತರಬೇತಿ ಕೊಡುವವರ ಬಗ್ಗೆ ನನಗೆ ಸ್ವಲ್ಪ ಭಯವಿದೆ.

ಎಲ್ಲ ಗಡಿಯಾರಗಳಿಗೂ ಸಲ್ಲುವ ಪಂಚಾಂಗ ಬೇಕೆಂದರೆ ಯೋಜನೆ ವಾರದ್ದಾಗಿರಲು ಸಾಧ್ಯವಿಲ್ಲ, ವರ್ಷದ್ದಾಗಬೇಕು. ಸೋವಿಯತ್ ಒಕ್ಕೂಟದಲ್ಲಿ ಲೆವ್ ಮತ್ವೆಯೆವ್ 1960ರ ದಶಕದಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ವರ್ಷವನ್ನು ಸಿದ್ಧತೆ, ಸ್ಪರ್ಧೆ, ವಿರಾಮದ ಕಾಲಗಳೆಂದು ಒಡೆದು, ಮೊದಲು ಪ್ರಮಾಣ ಹೆಚ್ಚು ತೀವ್ರತೆ ಕಡಿಮೆ, ಆಮೇಲೆ ಅದರ ತಿರುಗುಮುರುಗು. ಅದೇ ಹೊತ್ತಿಗೆ ಭೂಮಿಯ ಇನ್ನೊಂದು ತುದಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ, ಷೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್ ಎಂಬಾತ ಯಾವ ಸಿದ್ಧಾಂತವೂ ಇಲ್ಲದೆ, ತನ್ನ ಮೈಮೇಲೆಯೇ ಪ್ರಯೋಗ ಮಾಡಿಕೊಂಡು ಅಲ್ಲಿಗೇ ಬಂದು ಸೇರಿದ್ದ. ವಾರಕ್ಕೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್, ವಾರಗಟ್ಟಲೆ. ಆಮೇಲೆ ಗುಡ್ಡ ಹತ್ತಿಸುವುದು. ವೇಗದ ಓಟ ಕೊನೆಯಲ್ಲಿ. 800 ಮೀಟರ್ ಓಡುವ ಪೀಟರ್ ಸ್ನೆಲ್‌ಗೂ ಇದೇ ಪಾಠ. ಎರಡು ನಿಮಿಷವೂ ಇಲ್ಲದ ಓಟಕ್ಕೆ ಭಾನುವಾರ ವೈಟಾಕೆರೆ ಬೆಟ್ಟಗಳಲ್ಲಿ 35 ಕಿಲೋಮೀಟರ್! ಜನ ನಕ್ಕರು. 1960ರ ಸೆಪ್ಟೆಂಬರ್ 2ರಂದು ರೋಮ್‌ನಲ್ಲಿ ಸ್ನೆಲ್ 800 ಮೀಟರ್ ಗೆದ್ದ. ಅದೇ ದಿನ, ರಗ್ಬಿಯಲ್ಲಿ ಪೆಟ್ಟಾಗಿ ಎಡಗೈ ಸ್ವಾಧೀನ ಕಳೆದುಕೊಂಡಿದ್ದ ಮರ್ರೆ ಹಾಲ್ಬರ್ಗ್ 5000 ಮೀಟರ್ ಗೆದ್ದ. ಇಬ್ಬರೂ ಲಿಡಿಯಾರ್ಡ್‌ನ ಹುಡುಗರು.

800 ಮೀಟರಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆಮ್ಲಜನಕದಿಂದಲೇ ಬರುತ್ತದೆ ಎಂದು ಆಮೇಲೆ ಅಳೆದು ನೋಡಿದವರು ಹೇಳಿದರು. ಲಿಡಿಯಾರ್ಡ್‌ಗೆ ಅದು ಮೊದಲೇ ಕಾಲಿಗೆ ಗೊತ್ತಾಗಿತ್ತು.

ಅಕ್ಕನ ಮಗಳು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ "ಮಾವ, ನಂಗೂ ಪ್ಲಾನ್ ಹಾಕ್ಕೊಡು" ಎಂದು ದುಂಬಾಲು ಬಿದ್ದಳು. ಅವಳದೂ 800 ಮೀಟರೇ. ಸ್ನೆಲ್‌ನ ಕತೆ ಹೇಳಿದ್ದು ನನ್ನ ತಪ್ಪು, ನೂರು ಮೈಲಿ ಓಡುತ್ತೇನೆ ಎಂದು ಹೊರಟಿದ್ದಳು. ಹದಿನಾಲ್ಕರ ಹುಡುಗಿಗೆ ಆ ಲೆಕ್ಕ ಸಲ್ಲದು. ಆ ಕ್ರಮ ಮಾತ್ರ ಸಲ್ಲುತ್ತದೆ.

ಮೊದಲು ಕೇಳಿದ್ದು, "ನಿನಗೆ ಯಾವುದು ಮುಖ್ಯ, ಹೋಬಳಿಯೋ ತಾಲ್ಲೂಕೋ ಜಿಲ್ಲೆಯೋ?"

"ಜಿಲ್ಲೆ."

ಹಾಗಾದರೆ ಮಿಕ್ಕವೆರಡೂ ತರಬೇತಿಯ ದಿನಗಳೇ. ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಸೆಪ್ಟೆಂಬರಿನಿಂದ ಹಿಂದಕ್ಕೆ ಎಣಿಸಿದೆವು. ಕೊನೆಯ ಎರಡು ವಾರ ಇಳಿಸುವುದಕ್ಕೆ. ಅದಕ್ಕೆ ಮೊದಲ ಏಳೆಂಟು ವಾರ ಟ್ರ್ಯಾಕಿನ ವೇಗಕ್ಕೆ. ಅದಕ್ಕೂ ಮೊದಲು ಏಪ್ರಿಲ್ ನಡುವಿನಿಂದ ಜೂನ್‌ವರೆಗೆ ಗುಡ್ಡಕ್ಕೆ. ಎಲುಬಿಗೆ ಬೇಕಾದ ಮೂರು ತಿಂಗಳು ಅದರ ಹಿಂದೆ. ಬೆರಳು ಸಂಕ್ರಾಂತಿಯ ಮೇಲೆ ಬಂದು ನಿಂತಿತು. "ಎಳ್ಳು ಬೀರಿದ ಮರುದಿನದಿಂದಾನಾ?" ಎಂದು ಕಣ್ಣರಳಿಸಿದಳು. ಅವಳ ಶಾಲೆಯ ಸೀಟಿ ಊದುವುದು ಅಲ್ಲಿಂದ ಆರು ತಿಂಗಳ ಮೇಲೆ.

ಜನವರಿಯಲ್ಲಿ ಮಾಡಿದ್ದನ್ನು ತರಬೇತಿ ಅಂತ ಯಾರೂ ಒಪ್ಪುತ್ತಿರಲಿಲ್ಲ. ವಾರಕ್ಕೆ ಮೂರು ದಿನ ಕೆರೆ ಏರಿಯ ಮೇಲೆ ಇಪ್ಪತ್ತು ನಿಮಿಷ, ಮಾತಾಡಿಕೊಂಡು ಓಡುವ ವೇಗ, ಮಾತು ನಿಂತರೆ ನಡಿಗೆ. ಬೆಳಗ್ಗೆ ಸಂಜೆ ಹಗ್ಗ. ಎರಡು ದಿನ ಬಸ್ಕಿ, ದಂಡ, ಮೆಟ್ಟಿಲ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಬಿಡುವುದು. ಜೊತೆಗೆ ತೊಡೆಯ ಹಿಂಭಾಗಕ್ಕೆ ಒಂದು ವ್ಯಾಯಾಮ: ಮಂಡಿಯೂರಿ ಕೂತು, ಗೆಳತಿ ಹಿಮ್ಮಡಿಗಳನ್ನು ಒತ್ತಿ ಹಿಡಿದುಕೊಂಡರೆ, ಮಂಡಿಯಿಂದ ತಲೆಯವರೆಗೆ ನೆಟ್ಟಗೆ ಇಟ್ಟುಕೊಂಡು ಮುಂದಕ್ಕೆ ಎಷ್ಟು ನಿಧಾನವಾಗಿ ಬಾಗಬಹುದೋ ಅಷ್ಟು ನಿಧಾನವಾಗಿ ಬಾಗುತ್ತ ಬೀಳುವುದು. ನೋಡಲು ನಗು ಬರುತ್ತದೆ. ಫುಟ್‌ಬಾಲ್ ಆಟಗಾರರಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿಯುವ ಪ್ರಸಂಗಗಳನ್ನು ಇದು ಸುಮಾರು ಅರ್ಧಕ್ಕೆ ಇಳಿಸಿದೆ.

ವಾರಕ್ಕೆ ಎಷ್ಟು ಏರಿಸಬೇಕು? ಶೇಕಡ ಹತ್ತು ಮೀರಬಾರದು ಎಂಬ ಮಾತು ಓಟಗಾರರಲ್ಲಿ ವೇದವಾಕ್ಯ. ನೆದರ್ಲೆಂಡಿನ ಗ್ರೋನಿಂಗೆನ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಹತ್ತರ ಲೆಕ್ಕ ಪಾಲಿಸಿದವರಲ್ಲೂ ಪಾಲಿಸದವರಲ್ಲೂ ಸುಮಾರು ಐದರಲ್ಲಿ ಒಬ್ಬರು ಗಾಯಗೊಂಡರು. 2008ರ ಆ ಫಲಿತಾಂಶ ಓದಿದ ಮೇಲೆ ನಾನು ಶೇಕಡಾವಾರು ಬಿಟ್ಟೆ. ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ ನಾಲ್ಕನೇ ವಾರ ಇಳಿಸುವುದು, ಪ್ರತಿದಿನ ಬೆಳಗ್ಗೆ ಹೆಬ್ಬೆರಳಿನಿಂದ ಕಣಕಾಲಿನ ಎಲುಬನ್ನು ಮೇಲಿನಿಂದ ಕೆಳಗೆ ಒತ್ತಿ ನೋಡುವುದು, ಅಷ್ಟೇ. ಉದ್ದಕ್ಕೂ ಮಂದವಾಗಿ ನೋಯುತ್ತಿದ್ದರೆ ಓಟ ಕಡಿಮೆ ಮಾಡು, ಒಂದೇ ಜಾಗದಲ್ಲಿ ಚುಚ್ಚಿದರೆ ಓಟ ನಿಲ್ಲಿಸು, ಡಾಕ್ಟರ ಹತ್ತಿರ ಹೋಗೋಣ. ನನ್ನ ಕಾಲಿಗೆ ಯಾರೂ ಇಡದ ಹೆಬ್ಬೆರಳು ಅದು.

ಜೊತೆಗೆ ನಲವತ್ತು ಪುಟದ ನೋಟ್‌ಬುಕ್ಕು. ಅಮೆರಿಕದ ಕಾರ್ಲ್ ಫಾಸ್ಟರ್ ಬಳಕೆಗೆ ತಂದ ಉಪಾಯ ಅದರಲ್ಲಿ. ಓಡಿ ಮುಗಿಸಿ ಅರ್ಧ ಗಂಟೆಯ ಮೇಲೆ, ಎಷ್ಟು ಕಷ್ಟವಾಯಿತು ಎಂದು ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕು, ಅದನ್ನು ನಿಮಿಷಗಳಿಂದ ಗುಣಿಸು. ಏರಿಯ ಮೇಲೆ ನಲವತ್ತು ನಿಮಿಷ ಆರಾಮದ ಓಟ, ಅಂಕ 3, ಗುಣಿಸಿದರೆ 120. ಗುಡ್ಡದಲ್ಲಿ ಇಪ್ಪತ್ತೈದೇ ನಿಮಿಷ, ಅಂಕ 8, ಗುಣಿಸಿದರೆ 200. ಕಿಲೋಮೀಟರ್ ಎಣಿಸುವವನಿಗೆ ಮೊದಲ ದಿನ ದೊಡ್ಡದು, ಮೈಗೆ ಎರಡನೇ ದಿನ ದೊಡ್ಡದು. ಇನ್ನೊಂದು ಉಪಯೋಗವೂ ಇದೆ. ಜೂನ್‌ನಲ್ಲಿ ಒಂದು ವಾರ ಅದೇ 120ರ ಓಟಕ್ಕೆ ಅವಳ ಅಂಕ 3ರಿಂದ 6ಕ್ಕೆ ಹಾರಿತ್ತು. ಕಾರಣ ಓಟದಲ್ಲಿರಲಿಲ್ಲ. ಕಿರುಪರೀಕ್ಷೆಗೆ ಮೂರು ರಾತ್ರಿ ನಿದ್ದೆಗೆಟ್ಟಿದ್ದಳು. ಪರೀಕ್ಷೆಯೂ ಒಂದು ಭಾರವೇ, ಮೈ ಅದಕ್ಕೆ ಬೇರೆ ಖಾತೆ ತೆರೆಯುವುದಿಲ್ಲ.

ಗುಡ್ಡದ ತಿಂಗಳುಗಳಲ್ಲಿ ಅವಳ ಅಪ್ಪ ಒಂದು ಸಲಹೆ ಕೊಟ್ಟರು: ಪೇಟೆಯ ಜಿಮ್ಮಿಗೂ ಸೇರಿಸೋಣ, ದಿನಾ ಭಾರ ಎತ್ತಲಿ, ಎರಡೂ ಆಗಲಿ. ಇದಕ್ಕೆ ಉತ್ತರ ರಾಬರ್ಟ್ ಹಿಕ್ಸನ್ ಎಂಬ ವಿಜ್ಞಾನಿಯದು. ಹತ್ತು ವಾರ ಒಂದು ಗುಂಪು ಭಾರ ಎತ್ತಿತು, ಒಂದು ಗುಂಪು ಓಟ ಮತ್ತು ಸೈಕಲ್ ಮಾಡಿತು, ಮೂರನೆಯದು ಎರಡನ್ನೂ ಪೂರ್ತಿ ಪೂರ್ತಿ ಮಾಡಿತು. ಎರಡೂ ಮಾಡಿದವರ ದಮ್ಮು ಏರಿತು. ಕಾಲಿನ ಬಲ ಏಳನೇ ವಾರದವರೆಗೆ ಏರಿ ಆಮೇಲೆ ಇಳಿಯತೊಡಗಿತು. 1980ರ ಈ ಪ್ರಯೋಗವನ್ನು ಓಟಗಾರರು ಭಾರ ಎತ್ತಲೇಬಾರದು ಎಂದು ಓದುವವರಿದ್ದಾರೆ, ಅದು ತಪ್ಪು. ಮಿತವಾದ ಬಲದ ತರಬೇತಿ ಓಟಕ್ಕೆ ಒಳ್ಳೆಯದೇ. ಎರಡನ್ನೂ ತುತ್ತತುದಿಗೆ ಒಯ್ಯುವ ವರ್ಷ ಇಲ್ಲ, ಅಷ್ಟೇ. ಸರ್ವಾಂಗೀಣ ತರಬೇತಿ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಮದುವೆ ಊಟದ ಎಲೆ ನೆನಪಾಗುತ್ತದೆ. ಎಲ್ಲವೂ ಇರಬೇಕು ನಿಜ, ಆದರೆ ಪಾಯಸವನ್ನು ಯಾರೂ ಅನ್ನದಷ್ಟು ಬಡಿಸುವುದಿಲ್ಲ.

2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ನೂರು ಮೀಟರಿಗೆ 9.55 ಆಯಿತಲ್ಲ, ಉಸೇನ್ ಬೋಲ್ಟ್ 9.58 ತಾನೇ ಎಂದು ದೇಶವೇ ಕುಣಿಯಿತು. ಟ್ರಯಲ್ಸ್‌ಗೆ ಕರೆ ಬಂದರೂ ಅವರು ಹೋಗಲಿಲ್ಲ, ಕಂಬಳವೇ ಸಾಕು ಅಂದರು. ಅದು ಹಿಂಜರಿಕೆ ಅಂದುಕೊಂಡವರು ಬಹಳ. ನನಗೆ ಅದರಲ್ಲಿ ಕಂಡದ್ದು ತನ್ನ ಕಸುಬು ಬಲ್ಲವನ ವಿವೇಕ. ಮುಂದಕ್ಕೆ ಎಳೆಯುವ ಕೋಣ, ಕೈಯಲ್ಲಿ ಹಗ್ಗ, ಕೆಳಗೆ ಕೆಸರು ನೀರು. ಆ ಮೈ ಪಳಗಿರುವುದು ಅದಕ್ಕೆ. ಗಟ್ಟಿ ಟ್ರ್ಯಾಕಿನ ಮೇಲೆ, ಕೂತಲ್ಲಿಂದ ಸಿಡಿದೇಳುವುದಕ್ಕೆ ಬೇರೆಯೇ ವರ್ಷಗಳು ಬೇಕು. ಮೈ ಮಾಡಿದ್ದನ್ನು ಕಲಿಯುತ್ತದೆ, ಮಾಡದ್ದನ್ನು ಕಲಿಯುವುದಿಲ್ಲ. ಅದಕ್ಕೇ ಜುಲೈನಲ್ಲಿ ಕೆರೆ ಏರಿ ಬಿಟ್ಟು ಮೈದಾನಕ್ಕೆ ಬಂದೆವು. ಅವಳು 800ನ್ನು ಯಾವ ವೇಗದಲ್ಲಿ ಓಡಬೇಕೆಂದಿದ್ದಳೋ ಅದೇ ವೇಗದಲ್ಲಿ ಇನ್ನೂರಿನ ತುಂಡುಗಳು, ನಡುವೆ ಎರಡು ನಿಮಿಷ ನಡಿಗೆ.

ಊಟದ ವಿಚಾರ ಅಕ್ಕನಿಗೆ ಬಿಟ್ಟಿದ್ದೆ, ಎರಡು ಮಾತು ಹೇಳಿ. ಒಂದು, ಬೆಳೆಯುವ ಹುಡುಗಿ ಓಡಿದಷ್ಟು ಉಣ್ಣದಿದ್ದರೆ ಮೈ ತನಗೆ ಬೇಡವೆನಿಸಿದ ಖರ್ಚನ್ನು ನಿಲ್ಲಿಸುತ್ತದೆ. ಮೊದಲು ನಿಲ್ಲುವುದು ಮುಟ್ಟು. ಅದರ ಹಿಂದೆಯೇ ಎಲುಬು ಟೊಳ್ಳಾಗತೊಡಗುತ್ತದೆ. ಮುಟ್ಟು ನಿಂತರೆ ಒಳ್ಳೇದೇ ಆಯ್ತು, ಪ್ರ್ಯಾಕ್ಟೀಸಿಗೆ ತೊಂದರೆಯಿಲ್ಲ ಅನ್ನುವ ಕೋಚ್‌ಗಳನ್ನು ನಾನು ಕಂಡಿದ್ದೇನೆ. ಅಂಥವರ ಕೈಯಿಂದ ಸೀಟಿ ಕಸಿದುಕೊಳ್ಳಬೇಕು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಆ ತಾರೀಖುಗಳಿಗೆ ಒಂದು ಕಲಂ ಇತ್ತು. ಅದನ್ನು ನೋಡುತ್ತಿದ್ದದ್ದು ಅಕ್ಕ ಮಾತ್ರ. ಎರಡನೆಯದು ಕಬ್ಬಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ. ರಕ್ತಹೀನತೆ ಇಟ್ಟುಕೊಂಡು ಗುಡ್ಡ ಹತ್ತಿಸಿದರೆ ಏನು ಬಂತು? ಯೋಜನೆಯ ಮೊದಲ ಸಾಲು ಹಿಮೋಗ್ಲೋಬಿನ್ ಪರೀಕ್ಷೆಯಾಗಿತ್ತು. ಸೊಪ್ಪು, ಕಾಳು, ಮೇಲೆ ನಿಂಬೆಹಣ್ಣು, ಊಟದ ಜೊತೆ ಟೀ ಬೇಡ. ಟೀ ಬಿಡಿಸಲು ನಡೆದ ಜಗಳದ ಮುಂದೆ ಗುಡ್ಡ ಏನೂ ಅಲ್ಲ.

ಹೋಬಳಿಯಲ್ಲಿ ಮೊದಲನೆಯವಳಾಗಿ ಬಂದಳು, ತಾಲ್ಲೂಕಿನಲ್ಲಿ ಎರಡನೆಯವಳಾಗಿ. ಎರಡು ಸಲವೂ ಹಿಂದಿನ ದಿನಗಳ ಓಟವನ್ನು ನಾವು ಕಡಿಮೆ ಮಾಡಿರಲಿಲ್ಲ. ಜಿಲ್ಲೆಗೆ ಎರಡು ವಾರ ಇದ್ದಾಗ ಮಾತ್ರ ಇಳಿಸಿದೆವು. ಕೆನಡಾದ ಎರಿಕ್ ಬ್ಯಾನಿಸ್ಟರ್ 1975ರಲ್ಲಿ ಒಂದು ಸರಳ ಲೆಕ್ಕ ಮಂಡಿಸಿದ್ದರು. ಪ್ರತಿ ತರಬೇತಿಯೂ ಎರಡು ಗುರುತು ಬಿಡುತ್ತದೆ, ಒಂದು ಸಾಮರ್ಥ್ಯ, ಒಂದು ದಣಿವು. ದಣಿವಿನ ಗುರುತು ಆಳ, ಆದರೆ ಬೇಗ ಅಳಿಯುತ್ತದೆ. ಸಾಮರ್ಥ್ಯದ್ದು ತೆಳು, ಆದರೆ ವಾರಗಟ್ಟಲೆ ಉಳಿಯುತ್ತದೆ. ಓಟ ಇಳಿಸಿದರೆ ದಣಿವು ಕರಗಿ ಅಡಿಯಲ್ಲಿದ್ದ ಸಾಮರ್ಥ್ಯ ಮೇಲೆ ಬರುತ್ತದೆ. ತೀರಾ ಹೆಚ್ಚು ದಿನ ಬಿಟ್ಟರೆ ಅದೂ ಕರಗುತ್ತದೆ. ಬೆಲ್ಲದ ಪಾಕವಿದ್ದಂತೆ, ಒಂದೆಳೆ ಬಂದಾಗ ಇಳಿಸಬೇಕು. ಹಲವು ಪ್ರಯೋಗಗಳನ್ನು ಕೂಡಿಸಿ 2007ರಲ್ಲಿ ಬೋಸ್ಕೆ ಮತ್ತು ಸಂಗಡಿಗರು ಹೇಳಿದ್ದು: ಸುಮಾರು ಎರಡು ವಾರ, ಓಟದ ಪ್ರಮಾಣ ಅರ್ಧದ ಆಸುಪಾಸಿಗೆ ಇಳಿಕೆ, ವೇಗ ಮಾತ್ರ ಇಳಿಸುವಂತಿಲ್ಲ. ನಮ್ಮ ಮಕ್ಕಳು ಕೊನೆಯ ವಾರ ಮಾಡುವುದು ಇದಕ್ಕೆ ತದ್ವಿರುದ್ಧ. ನಿಧಾನವಾಗಿ, ಬಹಳ ಬಹಳ ಓಡುತ್ತಾರೆ.

ಅವಳಿಗೆ ಆ ಎರಡು ವಾರವೇ ಅತಿ ಕಷ್ಟ. ಗೆಳತಿಯರೆಲ್ಲ ಸುತ್ತು ಹೊಡೆಯುತ್ತಿದ್ದರೆ ಇವಳು ನಾಲ್ಕು ತುಂಡು ಇನ್ನೂರು ಓಡಿ ಷೂ ಬಿಚ್ಚಬೇಕು. "ಏನಮ್ಮಾ, ನಾಡಿದ್ದು ಜಿಲ್ಲೆ ಇಟ್ಕೊಂಡು ಕಟ್ಟೆ ಮೇಲೆ ಕೂತಿದೀಯ?" ಎಂದು ಅವರ ಶಾಲೆಯ ಸರ್ ಕೇಳಿದರಂತೆ. ಮನೆಗೆ ಬಂದು ನನಗೆ ಫೋನು ಮಾಡಿ ಅತ್ತಳು. ಸರಿ, ಬೇಕಿದ್ದರೆ ಹದಿನೈದು ನಿಮಿಷ ಏರಿಯ ಮೇಲೆ ಹೋಗಿ ಬಾ, ಓಡಿದ ಹಾಗಿರಬಾರದು ಅಂದೆ.

ಆ ನೋಟ್‌ಬುಕ್ಕು ಈಗ ನನ್ನ ಹತ್ತಿರವೇ ಇದೆ. ಆ ದಿನದ ಸಾಲು ಪೆನ್ಸಿಲಿನಲ್ಲಿದೆ: "ಏರಿ, 15 ನಿಮಿಷ, ಅಂಕ 1. ಹೆಬ್ಬೆರಳು ಒತ್ತಿದೆ, ಎಲ್ಲೂ ನೋವಿಲ್ಲ. ಕೆರೆಯಲ್ಲಿ ನೀರು ಬಂದಿದೆ."